ಮೇಲಿನ ಸಾಲಿಗೆ ಹಚ್ಚಿದ ವಿಭೂತಿ

ಯರಗಟ್ಟಿಯ ಪೇಟೆಯನ್ನೆಲ್ಲ ಜಾಲಾಡಿದರೂ ಒಂದೆರಡೇ ಕಂಪ್ಯೂಟರ್ ಸಿಗುತ್ತಿದ್ದ ಕಾಲ ಅದು. ಅದರಲ್ಲೊಂದು ನಮ್ಮ ಮನೆಯ ಪಡಸಾಲೆಯಲ್ಲಿತ್ತು ಎಂದಮೇಲೆ ನನ್ನ ಡೌಲು ಹೇಗಿದ್ದಿರಬೇಕು, ನೀವೇ ನೋಡಿ. ಶಾಲೆಯಲ್ಲಿ ನನ್ನ ಜೊತೆ ಜಗಳಕ್ಕೆ ಬಂದವರಿಗೆ ನಾನು ಕೊಡುತ್ತಿದ್ದ ಶಿಕ್ಷೆ ಒಂದೇ. “ಇನ್ನ ನಮ್ಮನಿ ಕಂಪ್ಯೂಟರ್ ನೋಡಾಕ ಬರಬ್ಯಾಡ ಹೋಗ.” ಅಷ್ಟಕ್ಕೇ ಎಂಥ ಜಗಳಗಂಟಿಯಾದರೂ ಮೆತ್ತಗಾಗಿ, ಚೀಲದಿಂದ ಹುಣಸೆಹಣ್ಣು ತೆಗೆದು ಕೊಡುತ್ತಿದ್ದಳು.

ಈಗಿನ ಹಾಗೆ ತೆಳ್ಳಗಿನ ಪರದೆಯಲ್ಲ. ಹಿಂದೆ ದೊಡ್ಡ ಡುಬ್ಬವಿದ್ದ ಪೆಟ್ಟಿಗೆ. ಸವದತ್ತಿಯಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ನಮ್ಮಪ್ಪ ಅದನ್ನೂ ಒಂದು ಪ್ರಿಂಟರನ್ನೂ ಗೋಣಿಚೀಲದಲ್ಲಿ ಸುತ್ತಿ, ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ತಂದಿದ್ದ. ಕೀಬೋರ್ಡು ಯಾರ್‍ಯಾರದೋ ಬೆರಳು ತಾಗಿ ಹಳದಿಯಾಗಿತ್ತು. ಚಾಲೂ ಮಾಡಿ ಸ್ವಲ್ಪ ಹೊತ್ತಾದರೆ ಬಿಸಿ ಧೂಳಿನ ವಾಸನೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಒಟ್ಟಿದ ಶೇಂಗಾದ ಮಣ್ಣುವಾಸನೆಯೂ ಅದರ ಜೊತೆ ಸೇರಿ, ಇವತ್ತಿಗೂ ನನಗೆ ಕಂಪ್ಯೂಟರ್ ಎಂದರೆ ಆ ವಾಸನೆಯೇ ನೆನಪಾಗುತ್ತದೆ.

ಅದು ನೀಲತ್ತಿಯ ಕಂಪ್ಯೂಟರ್. ನೀಲತ್ತಿ ಅಂದರೆ ನಮ್ಮಪ್ಪನ ತಂಗಿ ನೀಲವ್ವ. ಮದುವೆಯಾಗಿ ರಾಮದುರ್ಗಕ್ಕೆ ಹೋದವಳು, ಒಂದು ಬೇಸಿಗೆಯಲ್ಲಿ ಟ್ರಂಕು ಹಿಡಿದು ಒಬ್ಬಳೇ ಬಸ್ಸಿಳಿದು ಬಂದಳು. ಯಾಕೆ ಬಂದಳೆಂದು ನನಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳು ಟೈಪ್ ಮಾಡುವಾಗ ಎಡಗೈಯ ಮಣಿಕಟ್ಟಿನ ಮೇಲೆ ಬಳೆ ಒಡೆದು ಕೊರೆದ ಗುರುತು ಕಾಣುತ್ತಿತ್ತು. ಒಮ್ಮೆ ನಾನು ಅದನ್ನು ಬೆರಳಿನಿಂದ ಸವರಿದೆ. ಅವಳು ಕೈ ಎಳೆದುಕೊಳ್ಳಲಿಲ್ಲ, ಟೈಪ್ ಮಾಡುವುದನ್ನೂ ನಿಲ್ಲಿಸಲಿಲ್ಲ. ರಾಮದುರ್ಗದವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮದುವೆಗೆ ಮೊದಲೇ ಸವದತ್ತಿಗೆ ಓಡಾಡಿ ಕಂಪ್ಯೂಟರ್ ಕಲಿತಿದ್ದಳು. ಈಗ ಪಡಸಾಲೆಯಲ್ಲಿ ಕೂತು ಅರ್ಜಿ, ಬಾಡಿಗೆಯ ಕರಾರು, ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳದ ಕಾರ್ಡು, ಏನು ಬಂದರೂ ಟೈಪ್ ಮಾಡಿಕೊಡುತ್ತಿದ್ದಳು. ಸಂಜೆ ಕೆಲಸವಿಲ್ಲದಾಗ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆಟ ಶುರು ಮಾಡುವಳು. ಆಟವೆಂದರೆ ಕೀಬೋರ್ಡಿನ ಮೇಲಿನ ಸಾಲು. ಕೆಳಗಿನ ಅಕ್ಷರಗಳನ್ನು ಯಾರಾದರೂ ಒತ್ತುತ್ತಾರೆ, ಮೇಲಿನ ಎಫ್ ಸಾಲು ಗೊತ್ತಿದ್ದವರೇ ಜಾಣರು ಎಂಬುದು ಅವಳ ಮಾತು. ಅದು ನನ್ನ ತಲೆಯಲ್ಲಿ ನಿಲ್ಲಲಿ ಎಂದು ಒಂದೊಂದು ಕೀಗೂ ನಮ್ಮ ಪರಿಚಯದ ಒಬ್ಬೊಬ್ಬರ ಹೆಸರಿಟ್ಟಿದ್ದೆವು.

“ಎಫ್ ಒನ್ ಯಾರು?” ಎಂದು ಅವಳು ಕೇಳಿದರೆ ನಾನು “ಗಂಗವ್ವ!” ಎಂದು ಕೂಗುತ್ತಿದ್ದೆ. ಗಂಗವ್ವ ನಮ್ಮ ಬಾಜೂ ಮನೆಯವಳು. ಒಗ್ಗರಣೆಯ ವಾಸನೆ ಹೊರಗೆ ಹೋದದ್ದೇ ತಡ, ಕರೆಯಲಿ ಬಿಡಲಿ, “ಏನರ ಮಾಡಿಕೊಡಬೇಕೇನವಾ?” ಎಂದು ಒಳಗೆ ಬಂದೇಬಿಡುತ್ತಿದ್ದಳು. ಎಫ್ ಒನ್ ಒತ್ತಿದರೂ ಹಾಗೇ, ಸಹಾಯದ ಕಿಟಕಿ ತೆರೆಯುತ್ತಿತ್ತು. ಹುಡುಕುವ ಎಫ್ ಥ್ರೀ ನಮ್ಮ ಆಯಿ, ಅಂದರೆ ನನ್ನ ಅಜ್ಜಿ. ಚಸ್ಮಾ ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುವವಳು. ಪರದೆಯನ್ನು ತಾಜಾ ಮಾಡುವ ಎಫ್ ಫೈವ್ ಹೊಲದಿಂದ ಬಂದು ಮುಖ ತೊಳೆದ ಅಪ್ಪ. ಮುಖ ಅದೇ, ಆದರೆ ತಾಜಾ. ನಮ್ಮ ಕನ್ನಡದ ಸಾಫ್ಟ್‌ವೇರಿನಲ್ಲಿ ಎಫ್ ಇಲೆವೆನ್ ಒತ್ತಿದರೆ ಕನ್ನಡ ಹೋಗಿ ಇಂಗ್ಲಿಷ್ ಬರುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಕನ್ನಡ. ಸಾಹೇಬರು ಬಂದರೆ ಒಂದು ಭಾಷೆ, ನಾವು ಎದುರಿಗಿದ್ದರೆ ಒಂದು ಭಾಷೆ ಆಡುವ ನಮ್ಮ ಹೆಡ್‌ಮಾಸ್ತರರಿಗೆ ಆ ಕೀ ಕೊಟ್ಟಿದ್ದೆವು.

“ಎಫ್ ಟೂ ಯಾರ ನೀಲತ್ತಿ? ಅದನ್ನ ನೀ ಹೇಳೇ ಇಲ್ಲ” ಎಂದು ಒಂದು ದಿನ ನಾನೇ ಕೇಳಿದೆ.

“ಅದು ಹೆಸರ ಬದಲ ಮಾಡೂದು.”

“ಹೌದು, ಯಾರದು?”

ನೀಲತ್ತಿ ಪರದೆ ನೋಡುತ್ತಲೇ, “ನಾನ ಅಲ್ಲೇನ” ಎಂದಳು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡಿನ ಕಡೆಯವರು ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಆ ಹೆಸರು ಬರೆಯುತ್ತಾರೆ. ನೀಲವ್ವ ಎಂಬುದು ಅವರಿಗೆ ಮುದುಕಿಯರ ಹೆಸರಿನಂತೆ ಕೇಳಿಸಿತಂತೆ. ಶ್ವೇತಾ ಎಂದು ಬರೆದರು. “ಫೈಲ್ ಅದ ಇರತೈತಿ ಕಸ್ತೂರಿ. ಒಳಗಿಂದೆಲ್ಲಾ ಹಂಗ ಇರತೈತಿ. ಮ್ಯಾಲಿನ ಹೆಸರಷ್ಟ ಬ್ಯಾರೆ” ಎಂದು ನೀಲತ್ತಿ ಹೇಳಿ, ಅವತ್ತಿನ ಆಟ ಅಷ್ಟಕ್ಕೇ ಮುಗಿಸಿದಳು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ರಾಮದುರ್ಗದಿಂದ ಹೇಳಿಕೆ ಬಂತು. ದಸರೆಯ ಬನ್ನಿಹಬ್ಬದ ದಿನ ಬರುತ್ತೇವೆ, ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ ಎಂದು. ನಮ್ಮ ಅಜ್ಜ ಇಕ್ಕಟ್ಟಿಗೆ ಸಿಕ್ಕಿಕೊಂಡ. ಮದುವೆಯಾದ ಮಗಳು ತವರಿನಲ್ಲೇ ಕೂಡುವುದು ಅವನಿಗೆ ಸರಿಬರುತ್ತಿರಲಿಲ್ಲ. ಕೈಮಾಡುವವರ ಮನೆಗೆ ತಾನೇ ಕಳಿಸುವುದೂ ಅವನಿಂದ ಆಗುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಊಟಕ್ಕೆ ಕೂತಾಗ, ತಾಟು ನೋಡುತ್ತ ಹೇಳಿದ.

“ಬರ್ಲಿ. ಅವತ್ತ ತೀರ್ಮಾನ ಮಾಡೂಣು. ಅಷ್ಟರಾಗ ಆ ಮಷೀನು ನಿನ್ನ ಕೈ ಹಿಡೀತು ಅಂದ್ರ ಇರವ್ವಾ. ಇಲ್ಲಂದ್ರ ಹಿರ್‍ಯಾರ ಮುಂದ ನಾ ಏನಂತ ಮಾತಾಡ್ಲಿ?”

ನೀಲತ್ತಿ ಊಟ ಬಿಟ್ಟು ಏಳಲಿಲ್ಲ. ರೊಟ್ಟಿ ಮುರಿದು ಉಣ್ಣುತ್ತಲೇ, “ಹೂನಪಾ” ಎಂದಳು.

ಮಷೀನು ಕೈ ಹಿಡಿಯುವ ದಾರಿ ಒಂದೇ ಇತ್ತು. ಪೇಟೆಯ ದಲಾಲಿ ಅಂಗಡಿಗಳವರೆಲ್ಲ ದೀಪಾವಳಿಯ ಲಕ್ಷ್ಮೀಪೂಜೆಗೆ ಆಮಂತ್ರಣದ ಕಾರ್ಡು ಹಾಕಿಸುತ್ತಾರೆ. ಪ್ರತಿವರ್ಷ ಅಕ್ಷರ ಜೋಡಿಸುವುದರಿಂದ ಅಚ್ಚಿನ ತನಕ ಎಲ್ಲವೂ ಬೆಳಗಾವಿಯಲ್ಲೇ ಆಗುತ್ತಿತ್ತು. ಪೇಟೆಗೆ ಹಿರಿಯರಾದ ಮಲ್ಲಪ್ಪ ಸಾವಕಾರರು ಈ ಸಲ ತಮ್ಮ ಸಾಲಿನ ಅಂಗಡಿಗಳೆಲ್ಲ ಕೂಡಿ ಹಾಕಿಸುವ ಕಾರ್ಡನ್ನು ನೀಲತ್ತಿಗೆ ಒಪ್ಪಿಸಿದ್ದರು. ಬನ್ನಿಯ ದಿನ ಮಧ್ಯಾಹ್ನದ ಬಸ್ಸಿಗೆ ಅವರು ಬೆಳಗಾವಿಗೆ ಹೋಗುವವರು. ಅಷ್ಟರಲ್ಲಿ ತಯಾರಿದ್ದರೆ ಅದನ್ನೇ ಒಯ್ದು ಅಚ್ಚಿಗೆ ಕೊಡುತ್ತೇನೆ, ಇನ್ನು ಮುಂದೆ ಪೇಟೆಯ ಕೆಲಸವೆಲ್ಲ ನಿನಗೇ ಎಂದಿದ್ದರು. ಇಲ್ಲದಿದ್ದರೆ ಎಂದಿನಂತೆ ಬೆಳಗಾವಿಯವರು. ಬನ್ನಿಗೆ ಎರಡು ದಿನ ಇರುವಾಗಲೇ ಕಾರ್ಡು ಮುಗಿದೇ ಹೋಗಿತ್ತು. ಕಡೆಗೆ ಸಾವಕಾರರು ಹೊಸ ಅಂಗಡಿಯ ಹೆಸರೊಂದನ್ನು ಸೇರಿಸಲು ಹೇಳಿದ್ದರು, ಅದಷ್ಟೇ ಬಾಕಿ.

ಆದರೆ ಬನ್ನಿಯ ಹಿಂದಿನ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ ಬಂತು. ಖಂಡೆಪೂಜೆಯ ದಿನ ದುಡಿಯುವ ಸಾಮಾನೆಲ್ಲ ತೊಳೆದು, ಪೂಜೆ ಮಾಡಿ, ಅವಕ್ಕೆ ವಿಶ್ರಾಂತಿ ಕೊಡುವುದು ನಮ್ಮ ಮನೆಯ ನೇಮ. ಹಚ್ಚಿದ ವಿಭೂತಿಯನ್ನು ಮರುದಿನ ಸಂಜೆ ಒಬ್ಬರಿಗೊಬ್ಬರು ಬನ್ನಿಯ ಎಲೆ ಕೊಟ್ಟು ಬನ್ನಿ ಮುಡಿಯುವ ತನಕ ಅಳಿಸುವಂತಿಲ್ಲ. ಬೆಳಗ್ಗೆಯೇ ಚೆಂಡುಹೂವಿನ ರಾಶಿ, ಕಬ್ಬು, ಊದಿನಕಡ್ಡಿಯ ಹೊಗೆ. ಒಳಗೆ ಹೋಳಿಗೆಗೆ ಬೇಯುವ ಕಡ್ಲಿಬೇಳೆಯ ಪರಿಮಳ. ಅಜ್ಜ ಸ್ನಾನ ಮಾಡಿ, ಬೆಳ್ಳಿಯ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು, ಕೂರಿಗೆ, ಕುಡಗೋಲು, ಅಪ್ಪನ ಗಾಡಿ, ಆಯಿಯ ಈಳಿಗೆ, ನನ್ನ ಕಂಪಾಸು ಡಬ್ಬಿ, ಒಂದನ್ನೂ ಬಿಡದೆ ಹಚ್ಚುತ್ತ ಬಂದ.

ಕಂಪ್ಯೂಟರ್ ಬಂದಾಗಿನಿಂದ ಅಜ್ಜ ಅದರ ಹತ್ತಿರ ಸುಳಿದವನಲ್ಲ. ಅವತ್ತು ಬಟ್ಟಲು ಹಿಡಿದು ಅದರ ಮುಂದೆ ನಿಂತ. ಆಚೆಯಿಂದ ನೋಡಿದ, ಈಚೆಯಿಂದ ನೋಡಿದ. “ಇದಕ್ಕ ಹಣಿ ಎಲ್ಲೈತೋ ಏನೋ” ಎಂದು ತನ್ನಷ್ಟಕ್ಕೇ ಗೊಣಗಿದ. ಆಮೇಲೆ ಮೂರು ಬೆರಳು ಅದ್ದಿ, ಕೀಬೋರ್ಡಿನ ಮೇಲಿನ ಸಾಲಿಗೆ ಎಡದಿಂದ ಬಲಕ್ಕೆ ಸಾವಕಾಶವಾಗಿ ಎಳೆದ. ಅವನ ಲೆಕ್ಕದಲ್ಲಿ ಕೆಳಗಿನ ಅಕ್ಷರಗಳೆಲ್ಲ ಮೈ, ಮೇಲಿನ ಎಫ್ ಸಾಲು ಹಣೆ. ತಡೆಯಲೆಂದು ನೀಲತ್ತಿಯ ಕೈ ಮೇಲೆದ್ದದ್ದನ್ನು ನಾನು ನೋಡಿದೆ. ಅದು ಅರ್ಧಕ್ಕೇ ನಿಂತು ಕೆಳಗಿಳಿಯಿತು. ಅವಳ ಕಣ್ಣು ತುಂಬಿಬಂದಿತ್ತು. ಮೊದಲ ಸಲ ಅವಳ ಅಪ್ಪ ಆ ಮಷೀನನ್ನು ದುಡಿಯುವ ಸಾಮಾನುಗಳ ಸಾಲಿಗೆ ಸೇರಿಸಿದ್ದ.

“ನಾಳೆ ಮುಂಜಾನೆ ಕೈ ಮುಗದು ಚಾಲೂ ಮಾಡು. ಇಬತ್ತಿ ಅಷ್ಟ ಅಳಸಬ್ಯಾಡ” ಎಂದು ಹೇಳಿ ಅಜ್ಜ ದನದ ಕೊಟ್ಟಿಗೆಯ ಕಡೆ ಹೋದ.

ಬನ್ನಿಯ ದಿನ ಬೆಳಗ್ಗೆ ನೀಲತ್ತಿ ಕೈ ಮುಗಿದು ಬಟನ್ ಒತ್ತಿದಳು. ಮೊದಲು ಪೆಟ್ಟಿಗೆಯಿಂದ ಟುಂಯ್ ಟುಂಯ್ ಎಂದು ಬಿಡದೆ ಸದ್ದು ಬಂತು. ಪರದೆ ಬೆಳಗಿದ್ದೇ ತಡ ಒಂದು ಕಿಟಕಿ ತೆರೆಯಿತು. ಅವಳು ಮುಚ್ಚಿದಳು. ಮುಚ್ಚುವಷ್ಟರಲ್ಲಿ ಇನ್ನೊಂದು. ಅದರ ಮೇಲೊಂದು, ಮತ್ತದರ ಮೇಲೊಂದು. ನೋಡನೋಡುತ್ತ ಪರದೆಯ ತುಂಬ ಕಿಟಕಿಗಳು ಒಂದರ ಮೇಲೊಂದು ಬಿದ್ದವು. ಕಾರ್ಡಿನ ಫೈಲು ತೆರೆಯಲು ಜಾಗವೇ ಇಲ್ಲ.

“ಹೋತು. ಕೆಟ್ಟಹೋತು” ಎಂದಳು ನೀಲತ್ತಿ. ಅವಳ ದನಿ ಅಷ್ಟು ತೆಳ್ಳಗಾದದ್ದನ್ನು ನಾನು ಕೇಳಿರಲಿಲ್ಲ. ಹೊತ್ತು ನೆತ್ತಿಗೇರುವ ತನಕ ಆರಿಸಿ ಆರಿಸಿ ಚಾಲೂ ಮಾಡಿದಳು. ಮತ್ತೆ ಅದೇ. ರಿಪೇರಿಯವನು ಇರುವುದು ಸವದತ್ತಿಯಲ್ಲಿ, ಹಬ್ಬದ ದಿನ ಅವನ ಅಂಗಡಿ ಯಾಕೆ ತೆರೆದಿರುತ್ತದೆ?

ಕಿಟಕಿಗಳನ್ನು ದಿಟ್ಟಿಸುತ್ತ ನಿಂತ ನನಗೆ ಒಮ್ಮೆಲೇ ಗಂಗವ್ವ ನೆನಪಾದಳು. ಎಲ್ಲವೂ ಒಂದೇ ಕಿಟಕಿ. ಎಲ್ಲವೂ ಸಹಾಯದ ಕಿಟಕಿ.

“ನೀಲತ್ತಿ, ಇದು ಎಫ್ ಒನ್! ಯಾರೋ ಎಫ್ ಒನ್ ಒತ್ತಿ ಹಿಡದಾರ!”

ಕೀಬೋರ್ಡಿನ ಮೇಲೆ ಯಾರ ಬೆರಳೂ ಇರಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು. ಅಜ್ಜ ಬೆರಳು ಮೊದಲು ಊರಿದ್ದು ಆ ಎಡತುದಿಯಲ್ಲೇ. ಒದ್ದೆ ವಿಭೂತಿ ಅಲ್ಲಿ ಹೆಚ್ಚಾಗಿ ಸಂದಿಗಿಳಿದು, ರಾತ್ರಿ ಕಳೆಯುವಷ್ಟರಲ್ಲಿ ಒಣಗಿ ಗಟ್ಟಿಯಾಗಿತ್ತು. ಎಫ್ ಒನ್ ಕೀ ಒಳಗೆ ಕಚ್ಚಿಕೊಂಡು ಅರ್ಧ ಹೂತುಹೋಗಿತ್ತು. ಉಳಿದವು ನೆಟ್ಟಗಿದ್ದವು.

ನೀಲತ್ತಿ ತಂತಿ ಕಿತ್ತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ಕೈ ಹಾಕಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅಜ್ಜ ಕೂತಿದ್ದ. ಇವತ್ತೇ ಅವನು ತೀರ್ಮಾನ ಹೇಳುವವನು. ನೀನು ಹಚ್ಚಿದ ಇಬತ್ತಿಯಿಂದಲೇ ಮಷೀನು ಕೆಟ್ಟಿತು ಎಂದು ಇವತ್ತೇ ಅವನಿಗೆ ಹೇಳುವುದು ಹೇಗೆ? ಸಂಜೆಗೆ ಮುಂಚೆ ಅದನ್ನು ಅಳಿಸುವುದಾದರೂ ಹೇಗೆ? ನನಗೆ ಅಜ್ಜನ ಮೇಲೂ ಸಿಟ್ಟು ಬಂತು. ಕುಡಗೋಲಿಗೆ ಹಚ್ಚಿದಂತೆ ಇದಕ್ಕೂ ಹಚ್ಚಬೇಕಿತ್ತೇ?

ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ರಾಮದುರ್ಗದವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ನೀಲತ್ತಿಯ ಭಾವ, ಅಂದರೆ ಅವಳ ಗಂಡನ ಅಣ್ಣ, ಜೊತೆಗೆ ಇಬ್ಬರು ಹಿರಿಯರು. ಗಂಡ ಬಂದಿರಲಿಲ್ಲ. ಬಂದವರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಅವ್ವ ನೀರು ಕೊಟ್ಟಳು. ಅಪ್ಪ ಗೋಡೆಗೆ ಆತು ನಿಂತುಕೊಂಡ.

“ಶ್ವೇತಾ, ತಯಾರಾಗವಾ. ಹೊತ್ತ ಮಾಡೂದ ಬ್ಯಾಡ” ಎಂದ ಭಾವ.

ನೀಲತ್ತಿ ತಲೆ ಎತ್ತಲಿಲ್ಲ. “ಒಂದೀಟ ಕೆಲಸ ಐತ್ರಿ ಭಾವಾರ” ಎಂದಳು.

ಅದರ ಬೆನ್ನಿಗೇ ಮಲ್ಲಪ್ಪ ಸಾವಕಾರರೂ ಬಂದರು. ಹೆಗಲ ಮೇಲೆ ಇಸ್ತ್ರಿ ಮಾಡಿದ ಟವಲು, ಕೈಯಲ್ಲಿ ಪ್ರಯಾಣದ ಚೀಲ. “ಏನವ್ವಾ, ಆತೇನು? ಬಸ್ಸಿನ ಹೊತ್ತ ಆಗೇತಿ. ಆಗೂದಿಲ್ಲ ಅಂದ್ರ ಹೇಳಿಬಿಡು, ಬ್ಯಾಸರಿಲ್ಲ” ಎಂದರು. ಬೆಳಗಾವಿ ರಸ್ತೆಯಲ್ಲಿ ಹಾಯುವ ಒಂದೊಂದು ಗಾಡಿಯ ಹಾರ್ನೂ ನನಗೆ ಅವರ ಬಸ್ಸಿನದೇ ಎನಿಸುತ್ತಿತ್ತು.

ನೀಲತ್ತಿ ನನ್ನ ಕಡೆ ಕೈ ಚಾಚಿದಳು. ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಹೇಗೆ ಗೊತ್ತಾಯಿತೋ, ನನ್ನ ಲಂಗಕ್ಕೆ ಚುಚ್ಚಿದ್ದ ಪಿನ್ನು ತೆಗೆದು ಕೊಟ್ಟು ಲಂಗ ಹಿಡಿದುಕೊಂಡು ನಿಂತೆ. ಅವಳು ಪಿನ್ನಿನ ತುದಿ ಎಫ್ ಒನ್ ಸಂದಿಗೆ ಹಾಕಿ ಮೀಟಿದಳು. ಬಿಳಿಯ ಹೆಪ್ಪು ಸಿಡಿದು ಉದುರಿತು.

“ಏನಿದು? ಇಬತ್ತಿ ಕೆರೀಲಿಕ್ಕ ಹತ್ಯಾಳಲ್ರೀ!” ಎಂದು ಭಾವ ಎದ್ದು ನಿಂತ. “ಮಾವಾರ, ಬರ್ರಿ ಇಲ್ಲೆ. ಬನ್ನಿ ಮುಡಿಯೂಕಿಂತ ಮೊದಲ ದೇವರ ಇಬತ್ತಿ ಅಳಸತಾಳ ನಿಮ್ಮ ಮಗಳು. ಇಂಥಾಕಿ ಒಂದ ಮನಿಯಾಗ ನಿಂತ ಬಾಳೇವ ಹೆಂಗ ಮಾಡಿಯಾಳು?”

ಅಜ್ಜ ಒಳಗೆ ಬಂದ. ನೀಲತ್ತಿ ಪಿನ್ನು ಬಿಡಲಿಲ್ಲ. “ಅಪ್ಪಾ, ಬಟನ್ ಒಳಗ ಸಿಕ್ಕೊಂಡೈತಿ. ಇದು ಎದ್ದರ ಮಷೀನು ನಡೀತೈತಿ” ಎಂದಷ್ಟೇ ಹೇಳಿ ಜೋರಾಗಿ ಮೀಟಿದಳು. ಕೀ ಟಪ್ಪೆಂದು ಹಾರಿ ಎಲ್ಲೋ ಬಿತ್ತು. ಅವಳು ಕೀಬೋರ್ಡು ಬೋರಲು ಹಾಕಿ ಬಡಿದಳು. ನೆಲದ ಮೇಲೆ ಬಿಳಿ ಪುಡಿ ಬಿತ್ತು.

ಅಜ್ಜ ಆ ಪುಡಿಯನ್ನು ನೋಡುತ್ತ ನಿಂತ. ಅದು ಯಾರ ಬೆರಳಿನದು ಎಂಬುದು ಅವನಿಗೆ ತಿಳಿಯಿತು. ಅವನ ಮುಖ ಕೆಂಪಾಯಿತು, ಆಮೇಲೆ ಇಳಿಯಿತು. ಮೊಣಕಾಲ ಮೇಲೆ ಕೈಯೂರಿ ನಿಧಾನಕ್ಕೆ ಕೂತ. ನೆಲದ ಮೇಲಿನ ಪುಡಿಯನ್ನು ಮೂರು ಬೆರಳಿಗೆ ಒತ್ತಿಕೊಂಡು, ನೀಲತ್ತಿಯ ಹಣೆಗೆ ಹಚ್ಚಿದ.

“ಹಚ್ಚೂದ ಇಲ್ಲಿತ್ತು. ನಾ ಜಾಗಾ ತಪ್ಪಿದ್ನಿ” ಎಂದ. “ಹೂಂ, ನಿನ್ನ ಕೆಲಸಾ ಮಾಡು.”

ಭಾವ ಹಿರಿಯರ ಮುಖ ನೋಡಿ ಕೂತುಕೊಂಡ. ನೀಲತ್ತಿ ತಂತಿ ಸಿಕ್ಕಿಸಿ ಮತ್ತೆ ಚಾಲೂ ಮಾಡಿದಳು. ಟುಂಯ್ ಎಂಬ ಸದ್ದು ಬರಲಿಲ್ಲ. ಪರದೆ ಬೆಳಗಿತು. ಕಿಟಕಿ ತೆರೆಯಲಿಲ್ಲ. ನನ್ನ ಕೈಯಿಂದ ಲಂಗ ಜಾರಿಹೋಗುವಷ್ಟು ಖುಷಿಯಾಯಿತು, ಹೇಗೋ ಹಿಡಿದುಕೊಂಡೆ. ಅವಳು ಫೈಲು ತೆರೆದು, ಎಫ್ ಇಲೆವೆನ್ ಒತ್ತಿ ಕನ್ನಡಕ್ಕೆ ಬಂದು, ಹೊಸ ಅಂಗಡಿಯ ಹೆಸರು ಸೇರಿಸಿದಳು. ಪ್ರಿಂಟರು ಕಿರ್ರ್ ಕಿರ್ರ್ ಎಂದು ಹಾಳೆ ಹೊರಗೆ ತಳ್ಳಿತು.

ಸಾವಕಾರರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆ ಓದು ಮುಗಿಯುವುದೇ ಇಲ್ಲವೇನೋ ಎನಿಸಿತು. “ಛಲೋ ಆಗೇತಿ. ಬೆಳಗಾವಿಯವರು ಮಾಡಿದ್ದಕ್ಕಿಂತ ಛಲೋ ಆಗೇತಿ” ಎಂದವರು, ಕೆಳತುದಿಗೆ ಬಂದು ನಿಂತರು. “ಇಲ್ಲೆ ಅಕ್ಷರ ಜೋಡಣೆ ಅಂತ ಐತಿ, ಮುಂದ ಹೆಸರ ಇಲ್ಲಲ್ಲವ್ವಾ?”

ನೀಲತ್ತಿ ಪರದೆಯ ಕಡೆ ತಿರುಗಿದಳು. ಆ ಜಾಗವನ್ನು ಅವಳು ಮೊದಲಿನಿಂದಲೂ ಖಾಲಿ ಬಿಟ್ಟಿದ್ದಳು. ಮರೆತಿರಬೇಕೆಂದು ನಾನೂ ಅಂದುಕೊಂಡಿದ್ದೆ. ಈಗ ಅವಳ ಮುಖ ನೋಡಿ ತಿಳಿಯಿತು. ಬನ್ನಿಯ ಮರುದಿನ ತಾನು ಯಾವ ಹೆಸರಿನವಳಾಗಿರುತ್ತೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

“ಶ್ವೇತಾ ಅಂತ ಹಾಕ್ರಿ, ನಮ್ಮನಿ ಹೆಸರರ ಬರ್ಲಿ” ಎಂದು ಭಾವ ನಕ್ಕ.

ಅಜ್ಜ ನಗಲಿಲ್ಲ. ಇನ್ನೂ ನೆಲದ ಮೇಲೇ ಕೂತಿದ್ದ. ಕಂಪ್ಯೂಟರಿನ ಕಡೆ ಕೈ ತೋರಿಸಿ ಹೇಳಿದ.

“ನೀಲವ್ವ ಅಂತ ಬರಿಯವ್ವಾ. ಊರು ಯರಗಟ್ಟಿ ಅಂತ ಬರಿ.”

ನೀಲತ್ತಿ ಒಂದೊಂದೇ ಅಕ್ಷರ ಒತ್ತಿ ಬರೆದಳು. ಪ್ರಿಂಟರು ಮತ್ತೊಂದು ಹಾಳೆ ಹೊರಗೆ ಹಾಕಿತು. ಸಾವಕಾರರು ಅದನ್ನು ಮಡಚದೆ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಓಡಿದರು. ರಾಮದುರ್ಗದವರು ಚಹಾ ಕುಡಿದರು. ಹಿರಿಯರಲ್ಲೊಬ್ಬರು “ವಿಚಾರ ಮಾಡ್ರಿ” ಎಂದರು. “ಮಾಡಿದ್ದಾತ್ರಿ” ಎಂದ ಅಜ್ಜ. ಸಂಜೆಯ ಬನ್ನಿಗೆ ನಿಲ್ಲದೆಯೇ, ನಮ್ಮ ಕೈಗೆ ಒಂದು ಬನ್ನಿಯ ಎಲೆಯನ್ನೂ ಕೊಡದೆ, ತಾವೂ ತೆಗೆದುಕೊಳ್ಳದೆ ಅವರು ಜೀಪು ಹತ್ತಿದರು. ಆ ಬಳಗದ ಜೊತೆ ನಮ್ಮ ನಂಟು ಅಲ್ಲಿಗೆ ಮುಗಿಯಿತು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನೀಲತ್ತಿ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನೂ ಜೊತೆಗೆ ಅತ್ತೆ. ಎಫ್ ಒನ್ ಕೀ ಆಮೇಲೆ ಆಯಿಗೆ ಶೇಂಗಾದ ರಾಶಿಯಲ್ಲಿ ಸಿಕ್ಕಿತು. ಎಷ್ಟು ಒತ್ತಿ ಕೂರಿಸಿದರೂ ಅದು ಮತ್ತೆ ನಿಲ್ಲಲಿಲ್ಲ.

ಮರುವರ್ಷದ ಖಂಡೆಪೂಜೆಗೆ ಅಜ್ಜ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ಬಂದು ನಿಂತು, “ನೀಲವ್ವಾ, ಎಲ್ಲಿ ಹಚ್ಚಲಿ?” ಎಂದು ಕೇಳಿದ. ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿ ಮಾಡಿದವನಲ್ಲ ನಮ್ಮ ಅಜ್ಜ. ನೀಲತ್ತಿ ಪರದೆಯ ನೆತ್ತಿ ತೋರಿಸಿ “ಇಲ್ಲೆ ಹಚ್ಚಪಾ” ಎಂದಳು. ಇದ್ದಷ್ಟು ವರ್ಷವೂ ಅವನು ಕೇಳಿದ, ಅವಳು ತೋರಿಸಿದಳು. ಜಾಗ ಅವನಿಗೆ ಗೊತ್ತಾಗಿಹೋಗಿತ್ತು. ಆದರೂ ಕೇಳುತ್ತಿದ್ದ.

ಈಗ ನಾನು ಬೈಲಹೊಂಗಲದಲ್ಲಿ ಕೆಲಸಕ್ಕಿದ್ದೇನೆ. ನನ್ನ ಲ್ಯಾಪ್‌ಟಾಪಿನ ಎಫ್ ಸಾಲಿನ ಮೇಲೆ ದನಿ ಏರಿಸುವ, ಬೆಳಕು ಇಳಿಸುವ ಚಿತ್ರಗಳಿವೆ. ಎಫ್ ಟೂ ಏನು ಮಾಡುತ್ತದೆ ಎಂದು ಆಫೀಸಿನ ಹೊಸ ಹುಡುಗಿಯರನ್ನು ಕೇಳಿದರೆ ನಗುತ್ತಾರೆ. ಖಂಡೆಪೂಜೆಯ ದಿನ ಯಾರೋ ಬಂದು ಎಲ್ಲ ಕಂಪ್ಯೂಟರಿಗೂ ಅವಸರದಲ್ಲಿ ಒಂದೊಂದು ಹೂ ಎಸೆದು ಹೋಗುತ್ತಾರೆ. ಆ ಹಳದಿ ಕೀಬೋರ್ಡು ಗುಜರಿಗೆ ಹೋಯಿತು. ಗಂಗವ್ವ ಹೋದಳು, ಆಯಿ ಹೋದಳು, ಅಜ್ಜನೂ ಹೋದ. ಲಕ್ಷ್ಮೀಪೂಜೆಯ ಆಮಂತ್ರಣ ಮೊಬೈಲಿನಲ್ಲೇ ಬರುತ್ತದೆ. ಕೆಳಗೆ ಜೋಡಿಸಿದವರ ಹೆಸರು ಇರುವುದಿಲ್ಲ.

ನೀಲತ್ತಿಯ ಅಂಗಡಿ ಈಗ ಯರಗಟ್ಟಿಯ ಬಸ್‌ಸ್ಟ್ಯಾಂಡಿನ ಹತ್ತಿರ ಇದೆ. ಕಳೆದ ಖಂಡೆಪೂಜೆಗೆ ಹೋಗಿದ್ದೆ. ಅದೇ ಬೆಳ್ಳಿಯ ಬಟ್ಟಲಲ್ಲಿ ತಾನೇ ವಿಭೂತಿ ಕಲಸಿಕೊಂಡು ಅವಳು ಕಂಪ್ಯೂಟರಿನ ಮುಂದೆ ನಿಂತಳು. ಮೂರು ಬೆರಳು ಅದ್ದಿದಳು, ಹಚ್ಚಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. ಆದರೂ ಅವಳು ಪರದೆಯ ನೆತ್ತಿ ತೋರಿಸಿ, “ಇಲ್ಲೆ ಹಚ್ಚಪಾ” ಎಂದಳು.